ಗುಳ್ಳೆಗೆ ಗಡ್ಡೆ ಅನ್ನಬೇಡಿ

ಸಂಪಾದಕರಿಗೆ ನಮಸ್ಕಾರ,

ಎರಡು ವಾರದ ಹಿಂದೆ ನಿಮ್ಮ ಆರೋಗ್ಯ ಪುಟದಲ್ಲಿ ಕಿಡ್ನಿ ಸಿಸ್ಟ್, ಅಂದ್ರೆ ಕಿಡ್ನೀಲಿ ಆಗೋ ನೀರಿನ ಗುಳ್ಳೆ ಬಗ್ಗೆ ಒಂದು ಲೇಖನ ಬಂದಿತ್ತು. ಒಳಗಿನ ವಿಷಯ ಸರಿಯಾಗೇ ಇತ್ತು, ಬರೆದವರು ಡಾಕ್ಟ್ರೇ ಇರಬೇಕು, ಆದ್ರೆ ಮೇಲೆ ದಪ್ಪಕ್ಷರದಲ್ಲಿ ‘ಮೂತ್ರಪಿಂಡದಲ್ಲಿ ಗಡ್ಡೆ’ ಅಂತ ಹಾಕಿದ್ರಿ. ಆ ಒಂದು ಪದದ ಬಗ್ಗೆ ಬರೀಬೇಕು ಅಂತ ಅವತ್ತಿಂದ ಅಂದ್ಕೋತಾನೇ ಇದೀನಿ. ಯಾಕಂದ್ರೆ ಹೋದ ವರ್ಷ ಆ ಪದ ನಮ್ಮ ಮನೇಲಿ ಐದು ತಿಂಗಳು ಬಂದು ಕೂತಿತ್ತು, ಎದ್ದು ಹೋಗೋವಾಗ ನಮ್ಮಪ್ಪನ ಏಳು ಕೆಜಿ ತೂಕ, ಇಪ್ಪತ್ತು ಸಾವಿರ ದುಡ್ಡು, ಒಂದು ಬೆಳೆ ರೇಷ್ಮೆ ಹುಳ ಎಲ್ಲಾ ತಗೊಂಡು ಹೋಯ್ತು.

ಗಡ್ಡೆ ಅಂದ್ರೆ ನಮ್ಮ ಕಡೆ ಜನಕ್ಕೆ ಕ್ಯಾನ್ಸರ್ ಅಂತಾನೇ ಅರ್ಥ. ಶಿಡ್ಲಘಟ್ಟ, ಚಿಂತಾಮಣಿ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ತೆಲುಗು ಮಾತು, ಅವರಿಗೂ ‘ಗಡ್ಡ’ ಅಂದ್ರೆ ಅದೇ ಭಯ. ಈ ಪದ ಕಿವಿಗೆ ಬಿದ್ದ ಮೇಲೆ ಮುಂದೆ ಹೇಳಿದ್ದು ಯಾವುದೂ ತಲೆಗೆ ಹೋಗಲ್ಲ.

ನಮ್ಮಪ್ಪನಿಗೆ 66 ವರ್ಷ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ ಇದೆ, ವರ್ಷಕ್ಕೆ ಆರೇಳು ಬೆಳೆ ಹುಳ ಸಾಕ್ತಾರೆ. ಹೋದ ವರ್ಷ ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಸೊಪ್ಪಿನ ಹೊರೆ ಹೊತ್ಕೊಂಡು ಬರೋವಾಗ ಬಲಗಡೆ ಸೊಂಟ ಹಿಡ್ಕೊಳ್ತು, ನಾಲ್ಕು ದಿನ ಆದ್ರೂ ಬಿಡ್ಲಿಲ್ಲ. ಊರಿನ ಕ್ಲಿನಿಕ್‌ನಲ್ಲಿ ಕಿಡ್ನಿ ಕಲ್ಲು ಇರಬಹುದು ಸ್ಕ್ಯಾನಿಂಗ್ ಮಾಡಿಸಿ ಅಂತ ಚೀಟಿ ಕೊಟ್ರು. ನಾನೇ ಕರ್ಕೊಂಡು ಹೋದೆ. ಕಲ್ಲು ಇರಲಿಲ್ಲ. ರಿಪೋರ್ಟ್ ಪೂರ್ತಿ ಇಂಗ್ಲಿಷ್, ಕೊನೇಲಿ ಒಂದು ಸಾಲು, ಸಿಂಪಲ್ ಕಾರ್ಟಿಕಲ್ ಸಿಸ್ಟ್, 34 ಇಂಟು 31 ಎಂಎಂ, ಬಲಗಡೆ ಕಿಡ್ನಿಯ ಮೇಲ್ಭಾಗ. ಸ್ಕ್ಯಾನ್ ಮಾಡಿದ ಡಾಕ್ಟ್ರು ಒಳಗಿಂದ ಬರಲೇ ಇಲ್ಲ. ಕೌಂಟರ್‌ನಲ್ಲಿ ಕವರ್ ಕೊಟ್ಟ ಹುಡುಗನ್ನ ಏನಪ್ಪಾ ಇದು ಅಂತ ಕೇಳಿದ್ದಕ್ಕೆ ‘ಕಿಡ್ನೀಲಿ ಗಡ್ಡೆ ಐತೆ ಅಕ್ಕ, ಡಾಕ್ಟ್ರಿಗೆ ತೋರ್ಸಿ’ ಅಂದ. ಅವನ ತಪ್ಪು ಅಂತ ನಾನು ಹೇಳಲ್ಲ, ಅವನಿಗೆ ಯಾರೂ ಬೇರೆ ಪದ ಹೇಳಿಕೊಟ್ಟಿರಲಿಲ್ಲ ಅಷ್ಟೇ. ಆದ್ರೆ ಅಪ್ಪ ಪಕ್ಕದಲ್ಲೇ ನಿಂತಿದ್ರು.

ವಾಪಸ್ ಬಸ್ಸಲ್ಲಿ ಅಪ್ಪ ಒಂದು ಮಾತಾಡ್ಲಿಲ್ಲ. ಮನೆಗೆ ಬಂದು ಕವರ್‌ನ ಅಮ್ಮನ ಕೈಗೆ ಕೊಟ್ರು, ಅಮ್ಮ ಅದನ್ನ ದೇವರ ಗೂಡಲ್ಲಿ ಫೋಟೋ ಹಿಂದೆ ಇಟ್ಟು ಕುಂಕುಮ ಹಚ್ಚಿದ್ರು. ರಾತ್ರಿ ಅಣ್ಣ ಯಾವ ಜಮೀನು ಮಾರೋದು ಅಂತ ಫೋನಲ್ಲಿ ಮಾತಾಡ್ತಾ ಇದ್ದಿದ್ದು ನನಗೆ ಕೇಳಿಸ್ತು. ಚಿಕ್ಕಪ್ಪ ಬಂದು ಅವರ ಬೀಗರ ಊರಲ್ಲಿ ಹೀಗೇ ಗಡ್ಡೆ ಆಗಿ ಆರು ತಿಂಗಳಲ್ಲಿ ಹೋಗಿಬಿಟ್ಟವರ ಕತೆ ಹೇಳಿದ್ರು, ಅವರಿಗೆ ಆಗಿದ್ದು ಲಿವರಿನ ಕಾಯಿಲೆ ಅಂತ ಆಮೇಲೆ ಗೊತ್ತಾಯ್ತು, ಅಷ್ಟರಲ್ಲಿ ಏನಾಗಬೇಕೋ ಅದು ಆಗಿ ಹೋಗಿತ್ತು.

ಇಲ್ಲಿ ನಿಮ್ಮ ಪೇಪರಿಗೆ ಸಂಬಂಧ ಪಟ್ಟಿದ್ದು ಇನ್ನೊಂದಿದೆ. ಆ ವಾರದಲ್ಲೇ ಬೆಳಗ್ಗೆ ಪೇಪರ್ ಒಳಗೆ ಮಡಚಿಟ್ಟು ಬಂದ ಒಂದು ಹಳದಿ ಕರಪತ್ರ ಅಮ್ಮನಿಗೆ ಸಿಕ್ತು. ಕಿಡ್ನಿ ಗಡ್ಡೆ, ಕಿಡ್ನಿ ಕಲ್ಲು, ಗರ್ಭಕೋಶದ ಗಡ್ಡೆ ಆಪರೇಷನ್ ಇಲ್ಲದೆ ಕರಗಿಸುತ್ತೇವೆ ಅಂತ ಅದರಲ್ಲಿತ್ತು, ಒಂದು ಫೋನ್ ನಂಬರ್ ಇತ್ತು, ಡಾಕ್ಟ್ರ ಹೆಸರಿಲ್ಲ, ಊರಿನ ಹೆಸರಿಲ್ಲ. ಪೇಪರ್ ಒಳಗೆ ಬಂದಿದೆ ಅಂದ್ಮೇಲೆ ಪೇಪರಿನವರೇ ನೋಡಿ ಕೊಟ್ಟಿರ್ತಾರೆ ಅಂತ ನಮ್ಮಮ್ಮ ನಂಬಿದ್ರು, ನಮ್ಮಮ್ಮನಂಥವರು ಇವತ್ತಿಗೂ ಪೇಪರನ್ನ ಹಾಗೇ ನಂಬ್ತಾರೆ. 45 ದಿನದ ಪುಡಿಗೆ 6,500 ರೂಪಾಯಿ, ಮೂರು ಕೋರ್ಸ್, 19,500. ಡಬ್ಬಿ ಮೇಲೆ ಏನು ಹಾಕಿದಾರೆ ಅಂತ ಒಂದಕ್ಷರ ಬರೆದಿರಲಿಲ್ಲ.

ಪಥ್ಯ ಬೇರೆ. ರಾಗಿ ಮುದ್ದೆ ಬಿಡಿ ಅಂದ್ರು, ಟೊಮೇಟೊ ಬಿಡಿ, ಕಾಳು ಬಿಡಿ ಅಂದ್ರು. ಅವರೆಕಾಯಿ ಕಾಲದಲ್ಲಿ ನಮ್ಮ ಕಡೆ ಒಬ್ಬ ಮನುಷ್ಯನಿಗೆ ಮುದ್ದೆ, ಹಿತಕಿದ ಬೇಳೆ ಸಾರು ಬಿಡು ಅಂದ್ರೆ ಅವನು ತಿನ್ನೋದಕ್ಕೆ ಇನ್ನೇನಿದೆ? ಅಪ್ಪ ಗಂಜಿ ಕುಡಿದು ಎದ್ದು ಹೋಗೋರು. ನನಗೆ ಇವತ್ತಿಗೂ ಸಂಕಟ ಆಗೋದು ಇನ್ನೊಂದು ವಿಷಯಕ್ಕೆ, ಅವರು ಯಾರಿಗೂ ಹೇಳದೆ ನೀರು ಕುಡಿಯೋದು ಕಡಿಮೆ ಮಾಡಿಬಿಟ್ಟಿದ್ರು. ಅದರಲ್ಲಿ ತುಂಬಿರೋದು ನೀರು ಅಂತ ಯಾರೋ ಹೇಳಿದ್ರಂತೆ, ನೀರು ಕುಡಿದ್ರೆ ಅದು ಇನ್ನೂ ತುಂಬ್ಕೊಳ್ಳುತ್ತೆ ಅಂತ ಇವರೇ ಲೆಕ್ಕ ಹಾಕ್ಕೊಂಡಿದ್ರು. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ತೋಟದಲ್ಲಿ ಕೆಲಸ, ದಿನಕ್ಕೆ ಮೂರು ಲೋಟ ನೀರು, ಅದರ ಮೇಲೆ ಸೊಂಟ ನೋವಿಗೆ ಅಂತ ಮೆಡಿಕಲ್ ಶಾಪಿಂದ ದಿನಾ ಎರಡು ನೋವಿನ ಮಾತ್ರೆ. ನಾಲ್ಕನೇ ಜ್ವರ (ಹುಳ ಪೊರೆ ಬಿಡೋ ಹೊತ್ತು) ಎದ್ದ ಹುಳಕ್ಕೆ ಹೊತ್ತೊತ್ತಿಗೆ ಸೊಪ್ಪು ಹಾಕೋಕೆ ಆಗದೆ ಆ ಬೆಳೆ ಅರ್ಧಕ್ಕರ್ಧ ಹೋಯ್ತು.

ಮೂರನೇ ಕೋರ್ಸ್ ಮುಗಿಯೋ ಹೊತ್ತಿಗೆ ಬೇರೆ ಕಡೆ ಇನ್ನೊಂದು ಸ್ಕ್ಯಾನ್ ಮಾಡಿಸಿದ್ವಿ, 35 ಇಂಟು 31. ಅಂದ್ರೆ ಇದ್ದ ಹಾಗೇ ಇದೆ. ಪುಡಿ ಕೊಟ್ಟವರಿಗೆ ಫೋನ್ ಮಾಡಿದ್ರೆ ಒಳಗಿಂದ ಕರಗ್ತಾ ಇದೆ ಇನ್ನೆರಡು ಕೋರ್ಸ್ ತಗೊಳ್ಳಿ ಅಂದ್ರು. ಅವತ್ತು ನಾನು ಜಗಳ ಮಾಡಿ ಅಪ್ಪನ್ನ ಒಂದು ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ಅಲ್ಲಿದ್ದ ಲೇಡಿ ಡಾಕ್ಟ್ರು ಎರಡೂ ರಿಪೋರ್ಟ್ ನೋಡಿ, ಫಿಲ್ಮ್‌ನ ಕಿಟಕಿ ಬೆಳಕಿಗೆ ಹಿಡಿದು ‘ಬನ್ನಿ ಯಜಮಾನ್ರೇ, ನೀವೇ ನೋಡಿ’ ಅಂತ ಅಪ್ಪನ್ನ ಹತ್ರ ಕರೆದ್ರು. ಅಷ್ಟು ತಿಂಗಳಲ್ಲಿ ಅಪ್ಪನಿಗೆ ಅದನ್ನ ತೋರಿಸಿದವರು ಅವರೊಬ್ಬರೇ.

ಕಿಡ್ನಿ ಬೂದು ಬಣ್ಣದಲ್ಲಿತ್ತು, ಅದರ ಮೇಲ್ತುದೀಲಿ ಒಂದು ದುಂಡನೆ ಕಪ್ಪು ಚುಕ್ಕೆ, ಅಂಚು ಗೆರೆ ಎಳೆದ ಹಾಗೆ ತೆಳ್ಳಗೆ ನೀಟಾಗಿತ್ತು. ಆ ಡಾಕ್ಟ್ರು ಹೇಳಿದ್ದು ನಾನು ನನ್ನ ಮಾತಲ್ಲಿ ಹೇಳ್ತೀನಿ. ಈ ಸ್ಕ್ಯಾನಿಂಗ್ ಅನ್ನೋದು ಶಬ್ದದ ಅಲೆ. ಬರೀ ನೀರಿರೋ ಕಡೆ ಅಲೆ ಎಲ್ಲೂ ತಡೀದೆ ದಾಟಿ ಹೋಗುತ್ತೆ, ವಾಪಸ್ ಏನೂ ಬರಲ್ಲ, ಅದಕ್ಕೆ ಆ ಜಾಗ ಪೂರ್ತಿ ಕಪ್ಪು, ಅದರ ಹಿಂದಿನ ಜಾಗ ಮಾತ್ರ ಸುತ್ತಮುತ್ತಲಿಗಿಂತ ಬೆಳ್ಳಗೆ ಕಾಣುತ್ತೆ. ಒಳಗೆಲ್ಲಾ ಕಪ್ಪು, ಗೋಡೆ ತೆಳ್ಳಗೆ, ಹಿಂದೆ ಬೆಳ್ಳಗೆ, ಈ ಮೂರೂ ಇದ್ರೆ ಅದು ಬರೀ ನೀರಿನ ಗುಳ್ಳೆ. ಮಾಂಸದ ಗಡ್ಡೆ ಆಗಿದ್ರೆ ಹೀಗೆ ಕಾಣಲ್ಲ, ಒಳಗೆ ಬೂದು ಬೂದಾಗಿ ತುಂಬ್ಕೊಂಡಿರುತ್ತೆ. ಇನ್ನು ಗಾತ್ರ, ಹನ್ನೊಂದು ಸೆಂಟಿಮೀಟರ್ ಉದ್ದದ ಕಿಡ್ನೀಲಿ ಹೆಚ್ಚು ಕಡಿಮೆ ಒಂದು ರೇಷ್ಮೆ ಗೂಡಿನಷ್ಟು.

‘ಇದು ಯಾಕೆ ಬಂತು ತಾಯಿ, ನಾನು ಬೀಡಿ ಸೇದಲ್ಲ, ಕುಡಿಯಲ್ಲ’ ಅಂದ್ರು ಅಪ್ಪ. ಡಾಕ್ಟ್ರು ನೀವೇನು ಬೆಳೆ ಇಡ್ತೀರಿ, ಡ್ರಿಪ್ ಹಾಕಿದೀರಾ ಅಂತ ಕೇಳಿದ್ರು. ಹಾಕಿದೀವಿ ಅಂದ್ರು. ಹಳೇ ಡ್ರಿಪ್ ಪೈಪು ಬಿಸಿಲಿಗೆ ಮೆತ್ತಗಾಗಿ ಒಂದು ಕಡೆ ಉಬ್ಬುತ್ತಲ್ಲ, ಹಾಗೆ ಅಂದ್ರು. ಒಂದೊಂದು ಕಿಡ್ನೀಲೂ ಸುಮಾರು ಹತ್ತು ಲಕ್ಷ ಸೋಸೋ ಘಟಕ ಇರುತ್ತಂತೆ, ಒಂದೊಂದಕ್ಕೂ ಕೂದಲಿಗಿಂತ ಸಣ್ಣ ನಳಿಕೆ. ವಯಸ್ಸಾಗ್ತಾ ಯಾವುದೋ ಒಂದು ನಳಿಕೆ ಗೋಡೆ ಸಡಿಲ ಆಗಿ ಉಬ್ಬುತ್ತೆ, ಉಬ್ಬಿದ್ದು ಚೀಲ ಆಗಿ ನೀರು ತುಂಬ್ಕೊಂಡು ಆಮೇಲೆ ನಳಿಕೆಯಿಂದಲೇ ಬಿಟ್ಕೊಂಡು ಬೇರೆ ಆಗುತ್ತೆ. ಅಪ್ಪ ಸ್ವಲ್ಪ ಹೊತ್ತು ಫಿಲ್ಮ್‌ನೇ ನೋಡಿ ‘ಹಂಗಾದ್ರೆ ಒಂದು ಲೈನ್ ಹೋದ್ರೆ ತೋಟಕ್ಕೇನೂ ಆಗಲ್ಲ’ ಅಂದ್ರು. ಐದು ತಿಂಗಳಲ್ಲಿ ಅವರ ಬಾಯಿಂದ ನಾನು ಕೇಳಿದ ಮೊದಲನೇ ನೆಮ್ಮದಿ ಮಾತು ಅದು.

50 ವರ್ಷ ದಾಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗಾದ್ರೂ ಇಂಥದ್ದು ಇರುತ್ತೆ, ಹೆಂಗಸರಿಗಿಂತ ಗಂಡಸರಿಗೆ ಹೆಚ್ಚು, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಸಿಕ್ಕಿಬೀಳುತ್ತೆ, ಇಲ್ಲದಿದ್ರೆ ಜೀವನಪೂರ್ತಿ ಗೊತ್ತೇ ಆಗಲ್ಲ. ನಮ್ಮ ಕಡೆ ಏನಾದ್ರೂ ಆದ್ರೆ ಮೊದಲು ಸಾವಿರದೈನೂರು ಅಡಿ ಬೋರ್‌ವೆಲ್ ನೀರಿನ ಮೇಲೆ ಹಾಕ್ತೀವಿ. ಆ ನೀರಲ್ಲಿರೋ ಫ್ಲೋರೈಡ್ ನಿಜವಾದ ಸಮಸ್ಯೆ, ಬಾಗೇಪಲ್ಲಿ, ಪಾವಗಡ ಕಡೆ ಮಕ್ಕಳ ಹಲ್ಲು ನೋಡಿದ್ರೆ ಗೊತ್ತಾಗುತ್ತೆ, ಆದ್ರೆ ಅದರ ಮುಖ್ಯ ಹೊಡೆತ ಹಲ್ಲಿಗೆ, ಮೂಳೆಗೆ. ಅಪ್ಪನಿಗೆ ಇದ್ದಂಥ ಒಂಟಿ ಗುಳ್ಳೆ ವಯಸ್ಸಿನ ಜೊತೆ ಬರೋದು.

ಅಪ್ಪನ ಸೊಂಟ ನೋವು? ಅದಕ್ಕೂ ಗುಳ್ಳೆಗೂ ಸಂಬಂಧವೇ ಇರಲಿಲ್ಲ. ಬೆನ್ನುಮೂಳೆ ಪಕ್ಕ ಬೆರಳಿಟ್ಟು ಒತ್ತಿದ ತಕ್ಷಣ ಅಪ್ಪ ಅಮ್ಮಾ ಅಂದ್ರು, ಹೊರೆ ಹೊತ್ತ ಸ್ನಾಯು ನೋವು. ಆದ್ರೆ ಡಾಕ್ಟ್ರ ಮುಖ ಚಿಕ್ಕದಾಗಿದ್ದು ರಕ್ತದ ರಿಪೋರ್ಟ್ ಬಂದಾಗ. ಸಂಕ್ರಾಂತಿ ಆದ್ಮೇಲೆ ಮಾಡಿಸಿದಾಗ 1.1 ಇದ್ದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹಾಕಬೇಕಾದ ಕಸ, ರಕ್ತದಲ್ಲಿ ಅದು ಏರಿದ್ರೆ ಕಿಡ್ನಿ ಬಳಲ್ತಿದೆ ಅಂತ) 1.7 ಆಗಿತ್ತು. ಗುಳ್ಳೆ ಏನೂ ಮಾಡದ ಕಿಡ್ನಿಗೆ ನಾವು ಕೊಟ್ಟ ಟ್ರೀಟ್‌ಮೆಂಟೇ ಏಟು ಕೊಟ್ಟಿತ್ತು. ನೀರು ಕಮ್ಮಿ, ದಿನಾ ನೋವಿನ ಮಾತ್ರೆ, ಗೊತ್ತಿಲ್ಲದ ಪುಡಿ, ಈ ಮೂರೂ ಸೇರಿದ್ರೆ ಗಟ್ಟಿ ಕಿಡ್ನಿಯೂ ಬಳಲುತ್ತೆ ಅಂದ್ರು. ಬೇರುಪುಡಿ ಅಂದ್ರೆ ಅಪಾಯ ಇಲ್ಲ ಅಂತ ನಾವೆಲ್ಲ ಅಂದ್ಕೊಂಡಿದೀವಿ. 1990ರ ದಶಕದ ಶುರುವಲ್ಲಿ ಬೆಲ್ಜಿಯಂ ದೇಶದಲ್ಲಿ ತೂಕ ಇಳಿಸೋಕೆ ಅಂತ ಗಿಡಮೂಲಿಕೆ ತಗೊಂಡ ಎಷ್ಟೋ ಹೆಂಗಸರ ಕಿಡ್ನಿ ಹಾಳಾಯ್ತು, ಅದಕ್ಕೆ ಕಾರಣ ಆದ ಅರಿಸ್ಟೊಲೋಕಿಕ್ ಆಸಿಡ್ ಅನ್ನೋ ವಿಷ ನಮ್ಮ ಈಶ್ವರಿ ಬಳ್ಳಿ ಜಾತಿಯ ಗಿಡಗಳಲ್ಲೇ ಇರೋದು. ಪುಡಿ, ಮಾತ್ರೆ ಎರಡೂ ನಿಲ್ಲಿಸಿ, ನೀರು, ಊಟ ಸರಿಯಾದ ಮೇಲೆ ಅಪ್ಪಂದು ಎರಡು ತಿಂಗಳಿಗೆ 1.2ಕ್ಕೆ ಇಳೀತು. ಎಲ್ಲರಿಗೂ ಇಳಿಯುತ್ತೆ ಅಂತಿಲ್ಲ.

ಇಷ್ಟು ಹೇಳಿ, ಯಾವ ಸಿಸ್ಟ್ ಬಂದ್ರೂ ಸುಮ್ಮನೆ ಮನೇಲಿ ಕೂತ್ಕೊಳ್ಳಿ ಅಂತ ಯಾರೂ ಅರ್ಥ ಮಾಡ್ಕೋಬಾರದು, ಅದಕ್ಕೆ ಇದನ್ನೂ ಬರೀತೀನಿ. ಗುಳ್ಳೆ ಗೋಡೆ ದಪ್ಪ ಇದ್ರೆ, ಒಳಗೆ ಅಡ್ಡಗೋಡೆಗಳಿದ್ರೆ, ಗಟ್ಟಿ ಭಾಗ ಇದ್ರೆ ಅದು ಸಿಂಪಲ್ ಅಲ್ಲ, ಸಿಟಿ ಸ್ಕ್ಯಾನ್ ಬೇಕಾಗುತ್ತೆ. ನ್ಯೂಯಾರ್ಕಿನ ರೇಡಿಯಾಲಜಿ ಡಾಕ್ಟ್ರು ಮಾರ್ಟನ್ ಬೋಸ್ನಿಯಾಕ್ ಅನ್ನೋರು 1986ರಲ್ಲೇ ಇದಕ್ಕೊಂದು ದರ್ಜೆ ಮಾಡಿಟ್ಟಿದಾರೆ, 2019ರಲ್ಲಿ ಅದನ್ನ ಬೇರೆ ತಜ್ಞರು ತಿದ್ದಿದಾರೆ, ಇವತ್ತಿಗೂ ಪ್ರಪಂಚ ಎಲ್ಲಾ ಅದನ್ನೇ ಬಳಸೋದು. ಒಂದು, ಎರಡು ಅಂದ್ರೆ ಚಿಂತೆ ಇಲ್ಲ, ಒಂದಕ್ಕಂತೂ ಮತ್ತೆ ಮತ್ತೆ ಸ್ಕ್ಯಾನ್ ಕೂಡ ಬೇಡ. 2ಎಫ್ ಅಂತ ಬರೆದಿದ್ರೆ ಆಗಾಗ ನೋಡ್ತಾ ಇರಬೇಕು. ಮೂರು ಅಂದ್ರೆ ಹೆಚ್ಚು ಕಡಿಮೆ ಅರ್ಧದಷ್ಟು ಕ್ಯಾನ್ಸರ್ ಇರೋ ಸಾಧ್ಯತೆ, ನಾಲ್ಕು ಅಂದ್ರೆ ಹತ್ತರಲ್ಲಿ ಒಂಬತ್ತು. ಹೀಗಾಗಿ ರಿಪೋರ್ಟಲ್ಲಿ ಸಿಸ್ಟ್ ಅನ್ನೋ ಪದಕ್ಕಿಂತ ಅದರ ಮುಂದೆ ಸಿಂಪಲ್ ಅಂತ ಇದೆಯೋ ಕಾಂಪ್ಲೆಕ್ಸ್ ಅಂತ ಇದೆಯೋ ಅದನ್ನ ಓದಬೇಕು, ನಮಗೆ ಓದೋಕೆ ಬರಲ್ಲ ಅಂದ್ರೆ ಓದಿ ಹೇಳಿ ಅಂತ ಕೇಳಬೇಕು.

ಎರಡೂ ಕಿಡ್ನೀಲಿ ತುಂಬಾ ಗುಳ್ಳೆ ಇರೋ ಪಾಲಿಸಿಸ್ಟಿಕ್ ಅನ್ನೋದು ಪೂರ್ತಿ ಬೇರೆ ಕಾಯಿಲೆ, ಅದು ವಂಶದಲ್ಲಿ ಬರೋದು. ತಂದೆಗೋ ತಾಯಿಗೋ ಇದ್ರೆ ಪ್ರತಿ ಮಗುವಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ, ಚಿಕ್ಕ ವಯಸ್ಸಲ್ಲೇ ಬಿಪಿ ಬರುತ್ತೆ, ಇಂಥವರಲ್ಲಿ ಸುಮಾರು ಅರ್ಧ ಜನರ ಕಿಡ್ನಿ 60 ವರ್ಷ ಆಗೋ ಹೊತ್ತಿಗೆ ಸೋತು ಹೋಗುತ್ತೆ. ಮನೇಲಿ ಯಾರಿಗಾದ್ರೂ ಡಯಾಲಿಸಿಸ್ ಆಗಿದ್ದು ಅದಕ್ಕೆ ಗುಳ್ಳೆ ಕಾರಣ ಅಂತಿದ್ರೆ ಅಣ್ಣ ತಮ್ಮ ಅಕ್ಕ ತಂಗಿ ಎಲ್ಲರೂ ತೋರಿಸ್ಕೋಬೇಕು. ಬೆಂಗಳೂರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಸರ್ಕಾರದ ನೆಫ್ರೊ ಯೂರಾಲಜಿ ಸಂಸ್ಥೆ, ಅಂದ್ರೆ ಕಿಡ್ನಿ ಆಸ್ಪತ್ರೆ, ಇದೆ, ನಮ್ಮೂರಿಂದ ಬೆಳಗ್ಗೆ ಬಸ್ ಹತ್ತಿದ್ರೆ ಸಂಜೆಗೆ ವಾಪಸ್ ಬರಬಹುದು.

ಸಿಂಪಲ್ ಗುಳ್ಳೆಯೇ ಆದ್ರೂ ಅಪರೂಪಕ್ಕೆ ತುಂಬಾ ದೊಡ್ಡದಾಗಿ ಪಕ್ಕೆ ನೋವು ಬರುತ್ತೆ, ಮೂತ್ರದ ದಾರಿ ಒತ್ತುತ್ತೆ, ಕೀವಾಗಿ ಚಳಿಜ್ವರ ಬರುತ್ತೆ, ಮೂತ್ರದಲ್ಲಿ ರಕ್ತ ಕಾಣುತ್ತೆ, ಆಗ ತಡ ಮಾಡಬಾರದು. ಬರೀ ಸೂಜಿ ಹಾಕಿ ನೀರು ತೆಗೆದ್ರೆ ಸಾಮಾನ್ಯವಾಗಿ ಮತ್ತೆ ತುಂಬ್ಕೊಳ್ಳುತ್ತಂತೆ, ಅದಕ್ಕೆ ಸ್ಪಿರಿಟ್ ಥರದ್ದು ಹಾಕಿ ಒಳಗೋಡೆ ಒಣಗಿಸ್ತಾರೆ, ಅಥವಾ ಲ್ಯಾಪ್ರೊಸ್ಕೋಪಿಯಲ್ಲಿ ಗುಳ್ಳೆಯ ಮೇಲ್ಚಾವಣಿ ಕತ್ತರಿಸಿ ತೆಗೀತಾರೆ. ಪುಡಿಯಿಂದ ಕರಗಿಸೋದು ಅನ್ನೋ ದಾರಿ ಇಲ್ಲ. ತೊಂದರೆ ಕೊಡದ ಗುಳ್ಳೆಗೆ ಇದ್ಯಾವುದೂ ಬೇಡ. ನಮ್ಮ ಜನರ ಕಿಡ್ನಿ ಹೆಚ್ಚಾಗಿ ಹಾಳಾಗ್ತಾ ಇರೋದು ಸಕ್ಕರೆ ಕಾಯಿಲೆ, ಬಿಪಿಯಿಂದ. ಪುಡಿಗೆ ಹಾಕಿದ ದುಡ್ಡಲ್ಲಿ ನಮ್ಮ ಮನೆಮಂದಿಗೆಲ್ಲಾ ಹತ್ತು ವರ್ಷ ಅದನ್ನ ಚೆಕ್ ಮಾಡಿಸಬಹುದಿತ್ತು.

ಈಗ ನಾನು ಕೇಳ್ಕೊಳ್ಳೋದು. ಸ್ಕ್ಯಾನಿಂಗ್ ರೂಮಿನ ಬಾಗಿಲ ಹತ್ರ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ ಅನ್ನೋ ಬೋರ್ಡ್ ಎಲ್ಲಾ ಕಡೆ ಕನ್ನಡದಲ್ಲೇ ಇರುತ್ತೆ, 1994ರ ಕಾಯ್ದೆ ಇರೋದ್ರಿಂದ. ಕಾನೂನು ಕೇಳಿದ್ರೆ ಬಾಗಿಲಿಗೆ ಕನ್ನಡ ಬರುತ್ತೆ, ರೋಗಿ ಕೈಗೆ ಕೊಡೋ ಕಾಗದಕ್ಕೆ ಯಾಕೆ ಬರಲ್ಲ? ರಿಪೋರ್ಟ್ ಪೂರ್ತಿ ಕನ್ನಡದಲ್ಲಿ ಬರೀರಿ ಅಂತ ನಾನು ಕೇಳ್ತಿಲ್ಲ, ಡಾಕ್ಟ್ರಿಂದ ಡಾಕ್ಟ್ರಿಗೆ ಹೋಗೋ ಕಾಗದ ಅದು, ಇಂಗ್ಲಿಷಲ್ಲೇ ಇರಲಿ. ಕೆಳಗೆ ಒಂದೇ ಒಂದು ಸಾಲು ಸಾಕು, ‘ಕಿಡ್ನಿಯಲ್ಲಿ ನೀರಿನ ಗುಳ್ಳೆ ಇದೆ, ಇದು ಕ್ಯಾನ್ಸರ್ ಗಡ್ಡೆ ಅಲ್ಲ, ನಿಮ್ಮ ವೈದ್ಯರಿಗೆ ತೋರಿಸಿ’ ಅಂತ. ಒಂದು ರಬ್ಬರ್ ಸ್ಟಾಂಪ್ ಮಾಡಿಸಿದ್ರೂ ಆಗುತ್ತೆ. ಆರೋಗ್ಯ ಇಲಾಖೆಯವರು ನಮ್ಮ ಜಿಲ್ಲೆಯಲ್ಲೇ ಇದನ್ನ ಶುರು ಮಾಡಲಿ. ಕೌಂಟರಲ್ಲಿ ಕೂರೋ ಹುಡುಗ ಹುಡುಗಿಯರಿಗೆ ಗುಳ್ಳೆಗೆ ಗುಳ್ಳೆ ಅನ್ನೋಕೆ ಹೇಳಿಕೊಡೋದಕ್ಕೆ ಅರ್ಧ ಗಂಟೆ ಸಾಕು.

ನಿಮ್ಮ ಪತ್ರಿಕೆಯವರಿಗೆ ಎರಡು ಮಾತು. ಕ್ಯಾನ್ಸರ್, ಸಕ್ಕರೆ ಕಾಯಿಲೆ, ಕಿಡ್ನಿ ಕಲ್ಲು ಇವನ್ನೆಲ್ಲ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದೇ ತಪ್ಪು ಅಂತ 1954ರಿಂದ ಕಾನೂನಿದೆ. ನೀವು ಅಂಥ ಜಾಹೀರಾತು ಪ್ರಿಂಟ್ ಮಾಡಲ್ಲ ಅನ್ನೋದು ನನಗೆ ಗೊತ್ತು, ಇಪ್ಪತ್ತು ವರ್ಷದಿಂದ ಓದ್ತಾ ಇದೀನಿ. ಆದ್ರೆ ಏಜೆಂಟರ ಕೈಲಿ ಒಳಗೆ ಸೇರೋ ಕರಪತ್ರಕ್ಕೆ ಯಾರು ಜವಾಬ್ದಾರಿ? ಪೇಪರ್ ಒಳಗಿದ್ರೆ ಅದು ನಿಮ್ಮದೇ ಅಂತ ಅಮ್ಮನಂಥವರು ಓದ್ತಾರೆ, ದಯವಿಟ್ಟು ಏಜೆಂಟರಿಗೆ ಒಂದು ಮಾತು ಹೇಳಿ. ಇನ್ನೊಂದು, ತಲೆಬರಹ ಕೊಡೋರಿಗೆ. ಗುಳ್ಳೆ, ನೀರಗುಳ್ಳೆ, ನೀರಿನ ಚೀಲ, ಏನು ಬೇಕಾದ್ರೂ ಬರೀರಿ, ಬೇಡ ಅಂದ್ರೆ ಸಿಸ್ಟ್ ಅಂತಾನೇ ಬಿಡಿ. ಗಡ್ಡೆ ಅಂತ ಮಾತ್ರ ಹಾಕಬೇಡಿ.

ಅಪ್ಪ ಈಗ ಚೆನ್ನಾಗಿದಾರೆ, ಮುದ್ದೆ ತಿಂತಾರೆ, ಹೋದ ತಿಂಗಳ ಗೂಡನ್ನ ಶಿಡ್ಲಘಟ್ಟ ಮಾರ್ಕೆಟ್ಟಿಗೆ ಅವರೇ ತಗೊಂಡು ಹೋಗಿದ್ರು. ಗುಳ್ಳೆ ಅಲ್ಲೇ ಇದೆ. ದೇವರ ಗೂಡಿಂದ ಆ ಕವರ್ ತೆಗೆದು ಈ ಪತ್ರಕ್ಕೆ ಅಂತ ಜೆರಾಕ್ಸ್ ಮಾಡಿಸಿದೀನಿ, ಅಪ್ಪನ ಹೆಸರು, ಸೆಂಟರ್ ಹೆಸರು ಹೊಡೆದು ಹಾಕಿ ಜೊತೇಲಿ ಇಟ್ಟಿದೀನಿ. ಕೊನೇ ಸಾಲಿನ ಕೆಳಗೆ, ಸಹಿಗಿಂತ ಮೇಲೆ, ನಾಲ್ಕು ಬೆರಳಗಲ ಜಾಗ ಖಾಲಿ ಬಿದ್ದಿದೆ ನೋಡಿ.

ಇಂತಿ,
ನಿಮ್ಮ ಓದುಗಾರ್ತಿ
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ